ಅದೇ ಹೊತ್ತು, ಅದೇ ಜಾಗ, ಅದೇ ದರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ ಯಾವ ಊರಿಗೆ ಹೋದರೂ ಬೆಳಗಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಾ. ಮಳೆಯನ್ನೇ ನಂಬಿ ಜೋಳ, ಶೇಂಗಾ ಬಿತ್ತುವ ಈ ಸೀಮೆಯಲ್ಲಿ ಹೋಟೆಲೆಂದರೆ ಬರೀ ತಿನ್ನುವ ಜಾಗವಲ್ಲ. ಕೂಲಿ ಗೊತ್ತಾಗುವುದು, ಎತ್ತಿನ ವ್ಯಾಪಾರ ಕುದುರುವುದು, ಹೆಣ್ಣು ಗಂಡಿನ ಮಾತು ಮೊದಲಾಗುವುದು, ಈ ಸಲ ಪಂಚಾಯಿತಿಗೆ ಯಾರು ನಿಲ್ಲುತ್ತಾರೆಂದು ತಿಳಿಯುವುದು ಎಲ್ಲ ಅಲ್ಲೇ. ಆ ಬೆಂಚಿನ ಮೇಲೆ ಕೂರಲಾಗದವನಿಗೆ ಊರಿನ ಸುದ್ದಿ ಯಾವಾಗಲೂ ತಡವಾಗಿ ಮುಟ್ಟುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯೊಂದರ ದಲಿತ ಕೇರಿಯಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಇಂಥ ಹೋಟೆಲಿನ ಹೊರಗೋಡೆಯನ್ನು ಒಳಗೋಡೆಗಿಂತ ಚೆನ್ನಾಗಿ ಬಲ್ಲರು. ಅವರ ಬಾಲ್ಯ ಅರವತ್ತರ ದಶಕದ ಕೊನೆ, ಎಪ್ಪತ್ತರ ದಶಕದ ಮೊದಲ ವರ್ಷಗಳು. ಊರಿಗೆ ಇದ್ದದ್ದು ಒಂದೇ ಹೋಟೆಲು. ತಗಡಿನ ಚಪ್ಪರ, ಮಣ್ಣಿನ ಒಲೆ, ಎರಡು ಬೆಂಚು. ಒಳಗೆ ಕೂತವರಿಗೆ ಪಿಂಗಾಣಿಯ ಕಪ್ಪು ಬಸಿ. ಹೊರಗೋಡೆಯ ಗೂಡಿನಲ್ಲಿ ನೆಗ್ಗಿದ ಜರ್ಮನ್ ಲೋಟಗಳು. ಕೇರಿಯವರು ಗೂಡಿನಿಂದ ಲೋಟ ತೆಗೆದು, ತಾವೇ ತೊಳೆದು, ಕೆಳಗಿಟ್ಟು ದೂರ ಸರಿಯಬೇಕು. ಮಾಲಕ ಮೇಲಿನಿಂದ ಚಾ ಸುರಿಯಬೇಕು. ಕುಡಿದ ಮೇಲೆ ಮತ್ತೆ ತೊಳೆದು ಗೂಡಿಗಿಡಬೇಕು. ರೊಕ್ಕವನ್ನು ಕೈಗೆ ಕೊಡುವಂತಿಲ್ಲ, ಕಟ್ಟೆಯ ಮೇಲೆ ಇಡಬೇಕು. ದರ ಮಾತ್ರ ಒಳಗಿನವರಿಗೂ ಹೊರಗಿನವರಿಗೂ ಒಂದೇ.

ಆ ಮಾಲಕ ಕೆಟ್ಟ ಮನುಷ್ಯನಾಗಿರಲಿಲ್ಲ. ಮೇಷ್ಟ್ರು ಇದನ್ನು ಪ್ರತಿ ಸಲ ಒತ್ತಿ ಹೇಳುತ್ತಾರೆ. ಬರ ಬಿದ್ದ ವರ್ಷ ಕೇರಿಯ ಮಕ್ಕಳಿಗೆ ಉಳಿದ ಮಿರ್ಚಿಯನ್ನು ಪುಕ್ಕಟೆ ಕೊಟ್ಟವರು, ಹೆರಿಗೆಗೆ ಕೂಡ್ಲಿಗಿ ಆಸ್ಪತ್ರೆಗೆ ಹೋಗಬೇಕಾದ ಹೆಂಗಸಿಗೆ ಬಡ್ಡಿ ಕೇಳದೆ ಕೈಗಡ ಕೊಟ್ಟವರು. ಹುಡುಗ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾದ ದಿನ ಅಪ್ಪ ಅವನನ್ನು ಕರೆದುಕೊಂಡು ಹೋಗಿ, "ಯಜಮಾನ್ರೆ, ಹುಡುಗ ಏಳನೇತ್ತೆ ಪಾಸಾಗ್ಯಾನ. ಇವತ್ತೊಂದಿನ ಒಳಗ ಕುಂದ್ರಿಸಿ ಚಾ ಕೊಡ್ರಿ" ಎಂದು ಕೇಳಿದರು. ಮಾಲಕ ಬೈಯಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ, "ನಂದೇನೈತೋ ಇದರಾಗ? ನಿಮ್ಮನ್ನ ಒಳಗ ಕರದ್ರ ನಾಳಿಂದ ಒಬ್ಬನೂ ಈ ಬೆಂಚಿನ ಮ್ಯಾಗ ಕುಂದ್ರಂಗಿಲ್ಲ. ಆಮ್ಯಾಲ ನಾ ಯಾರಿಗಂತ ಒಲಿ ಹಚ್ಚಲಿ?" ಎಂದರು. ಹುಡುಗನಿಗೆ ಎರಡು ಮಿರ್ಚಿ ಹೆಚ್ಚಿಗೆ ಕೊಟ್ಟರು. ಅಪ್ಪ ಮಗ ಹೊರಗೆ ನಿಂತು ತಿಂದರು.

ಖಾಸಗಿ ಅಂಗಡಿಯವನಿಗೆ ತನ್ನ ಗಿರಾಕಿಯನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗಲೆಲ್ಲ ಮೇಷ್ಟ್ರಿಗೆ ಈ ಮಾತು ನೆನಪಾಗುತ್ತದೆ. ಆ ಹೋಟೆಲಿನ ಬಂಡವಾಳ ಮಾಲಕನದು, ದುಡಿಮೆ ಮಾಲಕನದು, ಸಾಲವೂ ಅವರದೇ. ಯಾರು ಒಳಗೆ ಬರಬೇಕು ಎಂಬ ತೀರ್ಮಾನ ಮಾತ್ರ ಅವರದಾಗಿರಲಿಲ್ಲ. ಅದನ್ನು ಊರು ಮೊದಲೇ ಮಾಡಿಟ್ಟಿತ್ತು. ನಿರಾಕರಿಸುವ ಹಕ್ಕೆಂದು ಇವತ್ತು ಕರೆಯುವುದು ಆ ಮಾಲಕನಿಗೆ ಹಕ್ಕಾಗಿ ಒದಗಿದ್ದೇ ಇಲ್ಲ. ಒಪ್ಪಿಕೊಳ್ಳುವ ಹಕ್ಕು ಅವರಿಗೆ ಇರಲಿಲ್ಲ, ಅಷ್ಟೇ.

ಆ ಹೊತ್ತಿಗೆ ಕಾನೂನು ಬಂದು ಬಹಳ ವರ್ಷಗಳಾಗಿದ್ದವು. ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಪ್ರಾಂತದಲ್ಲಿ ದಲಿತ ನಾಯಕ ಎಂ.ಸಿ. ರಾಜಾ ಅವರ ಪ್ರಯತ್ನದಿಂದ 1938ರಲ್ಲೇ ಸಾಮಾಜಿಕ ನಿರ್ಬಂಧಗಳನ್ನು ತೆಗೆದುಹಾಕುವ ಕಾಯ್ದೆಯೊಂದು ಬಂದಿತ್ತು. 1950ರ ಜನವರಿ 26ರಂದು ಸಂವಿಧಾನ ಜಾರಿಯಾಯಿತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 15ನೇ ವಿಧಿಯ ಎರಡನೆಯ ಭಾಗ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳ ಬಾಗಿಲನ್ನು ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡದೆ ಎಲ್ಲ ನಾಗರಿಕರಿಗೂ ತೆರೆಯಿತು. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟಿಹಾಕುವಂಥವು. ಈ ಎರಡು ವಿಧಿಗಳು ಖಾಸಗಿಯವರ ಹೊಸ್ತಿಲವರೆಗೂ ಬಂದು ನಿಲ್ಲುತ್ತವೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಗಳ ಚರ್ಚೆ ನಡೆದಾಗ ಅಂಬೇಡ್ಕರ್ ಅವರು ಅಂಗಡಿ ಎಂಬುದನ್ನು ಬಹಳ ವಿಶಾಲವಾಗಿ ಹಿಡಿಯಬೇಕೆಂದು ವಿವರಿಸಿದರು. ಒಳಗೆ ಕಾಲಿಡುವ ಅವಕಾಶ ಸಿಕ್ಕರೆ ಸಾಲದು. ಕೇಳಿದ ಕೂಲಿಯನ್ನು ಗಿರಾಕಿ ಒಪ್ಪಿದ ಮೇಲೆ ಆ ಸೇವೆಯೂ ಸಿಗಬೇಕು ಎಂಬುದು ಅವರ ಮಾತಿನ ಸಾರ.

1955ರ ಜೂನ್ 1ರಂದು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಗೆ ಬಂತು. 1976ರಲ್ಲಿ ಅದೇ ಕಾಯ್ದೆ ಬಿಗಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಅದರ 4ನೇ ಕಲಂ ಹೋಟೆಲಿನ ಪ್ರವೇಶದ ಜತೆಗೆ ಅಲ್ಲಿನ ಪಾತ್ರೆ ಬಳಸುವುದನ್ನೂ ಹೇಳುತ್ತದೆ. ಗೂಡಿನಲ್ಲಿಟ್ಟ ಆ ಲೋಟಗಳು ಮೇಷ್ಟ್ರು ಹುಟ್ಟುವ ಮೊದಲೇ ಅಪರಾಧವಾಗಿದ್ದವು. 6ನೇ ಕಲಂ ಮಾರಾಟ ಮತ್ತು ಸೇವೆಯ ಕುರಿತದ್ದು: ಬೇರೆ ಗಿರಾಕಿಗೆ ಮಾಡಿಕೊಡುವ ಕೆಲಸವನ್ನು ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಅದೇ ಷರತ್ತಿನ ಮೇಲೆ ದಲಿತ ಗಿರಾಕಿಗೂ ಮಾಡಿಕೊಡಬೇಕು. 12ನೇ ಕಲಂ ಇನ್ನೂ ಮಹತ್ವದ್ದು. ನೊಂದವರು ಪರಿಶಿಷ್ಟ ಜಾತಿಯವರಾಗಿದ್ದರೆ, ನಿರಾಕರಣೆ ಜಾತಿಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ನಿರಾಕರಿಸಿದವನದು. ಮೇಷ್ಟ್ರು ಇದನ್ನೆಲ್ಲ ಓದಿದ್ದು ಪದವಿ ಮುಗಿಸಿದ ಮೇಲೆ. ಅಪ್ಪ ಅಕ್ಷರ ಕಲಿತವರಲ್ಲ. ಅವರಿಗೆ ಈ ಕಾಯ್ದೆಯ ಹೆಸರನ್ನು ಯಾರೂ ಹೇಳಿರಲಿಲ್ಲ.

ಈ ಸೀಮೆಗೆ ಸಮಾನತೆಯ ಮಾತು ಹೊಸದಾಗಿದ್ದರೆ ನೋವು ಇಷ್ಟಿರುತ್ತಿರಲಿಲ್ಲ. ಕೂಡ್ಲಿಗಿಯ ನಡುವೆಯೇ ಗಾಂಧೀಜಿಯವರ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಶಾಲೆಯ ಮಕ್ಕಳು ಅಕ್ಟೋಬರ್ 2ಕ್ಕೂ ಜನವರಿ 30ಕ್ಕೂ ಅಲ್ಲಿ ಸಾಲಾಗಿ ನಿಲ್ಲುತ್ತಾರೆ. ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರಿಗೆ ಪ್ರತಿ ವರ್ಷ ಮಾಘ ಮಾಸದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ದಾವಣಗೆರೆ, ಬಳ್ಳಾರಿ ಕಡೆಯಿಂದ ನಡೆದುಕೊಂಡೇ ಬರುವವರಿದ್ದಾರೆ. ಅಲ್ಲಿನ ಸಂಪ್ರದಾಯದಂತೆ ದಲಿತ ಮಹಿಳೆ ಉಪವಾಸವಿದ್ದು ಬಂದು ಸ್ವಾಮಿಗೆ ಆರತಿ ಬೆಳಗಬೇಕು. ಆ ಆರತಿ ಆಗದೆ ತೇರು ಸಾಗುವುದಿಲ್ಲ.

ಹುಡುಗ ಅಪ್ಪನ ಹೆಗಲ ಮೇಲೆ ಕೂತು ಆ ತೇರು ನೋಡಿದ್ದ. ಆರತಿ ಬೆಳಗಿದ ಅಜ್ಜಿಗೆ ಜನ ದಾರಿ ಬಿಟ್ಟು ಕೈ ಮುಗಿಯುವುದನ್ನು ನೋಡಿದ್ದ. ಜಾತ್ರೆ ಮುಗಿಸಿ ಊರಿಗೆ ಮರಳಿದ ಮೇಲೆ ಹೋಟೆಲಿನ ಗೂಡು ಇದ್ದಲ್ಲೇ ಇತ್ತು. ದೇವರ ಮುಂದೆ ಒಂದು ದಿನ ಮೊದಲ ಸ್ಥಾನ, ಉಳಿದ ದಿನ ಹೊರಗೋಡೆ. ದೊಡ್ಡವರಾದ ಮೇಲೆ ಮೇಷ್ಟ್ರು ಆ ಆರತಿಯನ್ನು ಹಳಿಯಲಿಲ್ಲ. ಅದೊಂದು ನಿಜವಾದ ಗೌರವ ಎಂದೇ ನಂಬುತ್ತಾರೆ. ಬಾಡಿಗೆ, ಬಂಡವಾಳ, ಗಿರಾಕಿಗಳ ಲೆಕ್ಕದ ಮುಂದೆ ಆ ಗೌರವ ನಿಲ್ಲಲಿಲ್ಲ ಎಂಬುದೇ ಅವರ ಸಂಕಟ.

ಕ್ಷೌರದ ಕಥೆ ಹೋಟೆಲಿಗಿಂತ ಹಳೆಯದು. ಈ ಭಾಗದ ಹಳ್ಳಿಗಳಲ್ಲಿ ಕ್ಷೌರಿಕ ಮೊದಲು ಅಂಗಡಿಯವನೇ ಅಲ್ಲ, ಆಯಗಾರ. ವರ್ಷವಿಡೀ ರೈತರ ಮನೆಗಳಿಗೆ ಹೋಗಿ ತಲೆ, ಗಡ್ಡ ಮಾಡುವುದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಅವರು ಅಳೆದುಕೊಟ್ಟಷ್ಟು ಜೋಳ ತರುವುದು. ಬಡಿಗ, ಕಮ್ಮಾರ, ಅಗಸ ಎಲ್ಲರೂ ಹೀಗೆಯೇ. ಆಯ ಕೊಡುವವರು ಹೊಲವಿದ್ದವರು. ಕೇರಿಯವರೂ ಊರಿಗೆ ದುಡಿದು ಕಣದಲ್ಲಿ ಪಾಲು ಪಡೆಯುತ್ತಿದ್ದರು. ಆದರೆ ಆ ಕ್ಷೌರಿಕನ ಕತ್ತಿ, ಆ ಅಗಸನ ಕೈ ಅವರಿಗೆ ಒದಗುತ್ತಿರಲಿಲ್ಲ. ಕೇರಿಯೊಳಗೇ ಯಾರಾದರೊಬ್ಬ ಕತ್ತರಿ ಹಿಡಿಯಬೇಕಿತ್ತು. ಮೇಷ್ಟ್ರ ತಲೆ ಮಾಡುತ್ತಿದ್ದವರು ಅವರ ಸೋದರಮಾವ, ಕುರಿ ತುಪ್ಪಟ ಕತ್ತರಿಸುವ ಕತ್ತರಿಯಿಂದ.

ಎಂಬತ್ತರ ದಶಕದಲ್ಲಿ ಹಳ್ಳಿಗಳಿಗೆ ಕನ್ನಡಿ, ತಿರುಗುವ ಕುರ್ಚಿ, ಸಿನಿಮಾ ನಟರ ಪಟಗಳು ಬಂದವು. ಆಯದ ಜೋಳ ಹೋಗಿ ಕೈಗೆ ರೊಕ್ಕ ಬಂತು. ವ್ಯವಹಾರ ಹೆಸರಿಗೆ ಖಾಸಗಿಯಾಯಿತು. ಕುರ್ಚಿಯಲ್ಲಿ ಯಾರು ಕೂರಬಹುದು ಎಂಬ ಕಟ್ಟಳೆ ಮಾತ್ರ ಕಣದ ಕಾಲದ್ದೇ ಉಳಿಯಿತು. ಖಾಸಗಿ ಅಂಗಡಿಯ ಸ್ವಾತಂತ್ರ್ಯವನ್ನು ವಾದಿಸುವ ಪುಸ್ತಕಗಳು, ಎಲ್ಲರಿಂದಲೂ ಬಿಡಿಯಾಗಿ ನಿಂತು ಲಾಭ ನಷ್ಟ ಎಣಿಸುವ ಅಂಗಡಿಯವನೊಬ್ಬನನ್ನು ಊಹಿಸಿಕೊಳ್ಳುತ್ತವೆ. ಈ ಹಳ್ಳಿಗಳ ಕ್ಷೌರಿಕ ಅಂಥವನಲ್ಲ. ಅವನ ಮನೆಯ ಜಾಗ, ಅಂಗಡಿಯ ಮಳಿಗೆ, ಮಗಳ ಮದುವೆಗೆ ಸಿಗುವ ಸಾಲ ಎಲ್ಲವೂ ಆಯ ಕೊಡುತ್ತಿದ್ದವರ ಮಕ್ಕಳ ಕೈಯಲ್ಲಿವೆ. ಅವನ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜದಲ್ಲಿ ಅವನು ತಾನೂ ಕೆಳಗೇ ಇದ್ದಾನೆ. ಬಸವಣ್ಣನವರ ಜತೆಗಾರನಾಗಿದ್ದ ಶರಣ ಹಡಪದ ಅಪ್ಪಣ್ಣನನ್ನು ತಮ್ಮವನೆಂದು ನೆನೆಯುವ ಜನ ಇವರು.

ಹಾಗಾಗಿ ಕೇರಿಯವರು ಕೊಟ್ಟೂರಿಗೆ, ಹರಪನಹಳ್ಳಿಗೆ, ಹಗರಿಬೊಮ್ಮನಹಳ್ಳಿಗೆ ಬಸ್ಸು ಹತ್ತಿದರು. ಬಸ್ ನಿಲ್ದಾಣದ ಹತ್ತಿರದ ಸಲೂನಿನಲ್ಲಿ ಯಾರಿಗೆ ಯಾರ ಗುರುತೂ ಇರುವುದಿಲ್ಲ. ಕಟಿಂಗಿಗಿಂತ ಬಸ್ ಚಾರ್ಜೇ ಹೆಚ್ಚಾದರೂ, ಒಂದು ದಿನದ ಕೂಲಿ ಹೋದರೂ, ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಬಹುದಿತ್ತು. ಅಲ್ಲೂ ಕೆಲವರು ಬಿಳಿ ಬಟ್ಟೆ ಹೊದಿಸುತ್ತ, "ಯಾವೂರು? ಯಾರ ಪೈಕಿ?" ಎಂದು ಕೇಳುತ್ತಿದ್ದರು. ಎಷ್ಟೋ ಸಲ ಅದು ಕುಶಲ ಕೇಳುವ ಮಾತೇ. ಆದರೆ ಕೇರಿಯ ಹುಡುಗರಿಗೆ ಆ ಎರಡನೆಯ ಪ್ರಶ್ನೆ ಬಂದರೆ ಕುತ್ತಿಗೆ ಬಿಗಿಯುತ್ತಿತ್ತು.

ಬದಲಾವಣೆ ಹತ್ತಿರದ ಊರುಗಳಿಂದಲೇ ಬಂತು. ಹರಪನಹಳ್ಳಿಯಿಂದ ಅಷ್ಟೇನೂ ದೂರವಲ್ಲದ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ಮತ್ತು ಸಂಗಡಿಗರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಅವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದರ ಸುತ್ತ ಎದ್ದ ಗಲಾಟೆ ದಲಿತ ಹಾಸ್ಟೆಲ್ ಹುಡುಗರನ್ನು ಒಗ್ಗೂಡಿಸಿತ್ತು. ಹಾಸ್ಟೆಲಿನಲ್ಲಿ ಕಲಿತವರು ರಜೆಗೆ ಊರಿಗೆ ಬಂದಾಗ ಹೊರಗೆ ನಿಂತು ಚಾ ಕುಡಿಯಲು ಒಪ್ಪಲಿಲ್ಲ. ಮೇಷ್ಟ್ರ ಊರಿನಲ್ಲಿ ಒಂದು ಬೆಳಿಗ್ಗೆ ಯುವಕರು ಪೊಲೀಸ್ ಪೇದೆಯೊಬ್ಬರ ಜತೆ ಹೋಟೆಲಿನೊಳಗೆ ಹೋಗಿ ಬೆಂಚಿನ ಮೇಲೆ ಕೂತರು. ಅಷ್ಟು ಹೊತ್ತಿಗೆ ಹೋಟೆಲು ಹಳೆಯ ಮಾಲಕರ ಮಗನ ಕೈಗೆ ಬಂದಿತ್ತು. ಆತ ಚಾ ಕೊಟ್ಟ. ಉಳಿದ ಗಿರಾಕಿಗಳು ಎದ್ದು ಹೋದರು. ಮರುದಿನ ಬಾಗಿಲು ತೆರೆಯಲಿಲ್ಲ. ಆ ತಿಂಗಳಿಡೀ ಹೋಟೆಲು ಮುಚ್ಚಿತ್ತು. ಆಮೇಲೆ ತೆರೆದಾಗ ಗೂಡು ಖಾಲಿಯಾಗಿತ್ತು, ಎಲ್ಲರಿಗೂ ಕೂರಲು ಜಾಗವಿತ್ತು. ಎದ್ದು ಹೋದವರಲ್ಲಿ ಹೆಚ್ಚಿನವರು ಮಳೆಗಾಲ ಮುಗಿಯುವಷ್ಟರಲ್ಲಿ ಮರಳಿದರು, ಸುದ್ದಿಯಿಲ್ಲದೆ ಬದುಕುವುದು ಅವರಿಗೂ ಕಷ್ಟವಾಗಿತ್ತು. ಕೆಲವು ವರ್ಷಗಳಲ್ಲಿ ಪ್ಲಾಸ್ಟಿಕ್ ಲೋಟ, ಆಮೇಲೆ ಪೇಪರ್ ಕಪ್ಪು ಬಂದು, ಲೋಟದ ಜಗಳವೇ ಅನೇಕ ಊರುಗಳಲ್ಲಿ ಮರೆಯಾಯಿತು. ಎಸೆಯುವ ಕಪ್ಪು ಯಾರ ಮನಸ್ಸನ್ನೂ ತೊಳೆಯಲಿಲ್ಲ ಎಂದು ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ.

ಅರ್ಥಶಾಸ್ತ್ರಜ್ಞರಲ್ಲಿ ಕೆಲವರು ಇಂಥ ಭೇದ ತಡೆಯಲು ಕಾನೂನೇ ಬೇಡವೆಂದು ವಾದಿಸಿದ್ದುಂಟು. ಅಮೆರಿಕದ ಗ್ಯಾರಿ ಬೆಕರ್ 1957ರಲ್ಲಿ ತಾರತಮ್ಯದ ಅರ್ಥಶಾಸ್ತ್ರದ ಮೇಲೆ ಪುಸ್ತಕ ಬರೆದು, ಭೇದ ಮಾಡುವವನು ತನ್ನ ಭೇದಕ್ಕೆ ತಾನೇ ಬೆಲೆ ತೆರುತ್ತಾನೆ ಎಂದು ತೋರಿಸಿದರು. ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ, ಇಂಥದ್ದನ್ನು ಪೈಪೋಟಿಗೂ ಮನವೊಲಿಕೆಗೂ ಬಿಡಬೇಕೆಂಬ ನಿಲುವು ತಳೆದರು. ಲೆಕ್ಕ ಕೇಳಲು ಸರಿಯಾಗಿಯೇ ಇದೆ. 2011ರ ಜನಗಣತಿಯ ಪ್ರಕಾರ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಐವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಇಷ್ಟು ಗಿರಾಕಿಗಳನ್ನು ಬಿಟ್ಟುಕೊಡುವ ಕ್ಷೌರಿಕ ನಷ್ಟದಲ್ಲೇ ಇರಬೇಕು. ಅವರನ್ನು ಕೂರಿಸಿಕೊಂಡವನು ಬೆಳೆಯಬೇಕು.

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಒಬ್ಬ ಕ್ಷೌರಿಕರು ಹಾಗೆ ಕೂರಿಸಿಕೊಂಡರು. ಪರಿಶಿಷ್ಟ ಜಾತಿ, ಪಂಗಡದವರಿಗೂ ಎಲ್ಲರಿಗೆ ಮಾಡುವಂತೆಯೇ ಕಟಿಂಗ್ ಮಾಡಿದರು. ಅವರಿಗೆ ಸಿಕ್ಕಿದ್ದು ಹೆಚ್ಚಿನ ಲಾಭವಲ್ಲ; ಬಹಿಷ್ಕಾರ ಮತ್ತು 50,000 ರೂಪಾಯಿ ದಂಡ. 2020ರ ನವೆಂಬರ್‌ನಲ್ಲಿ ಈ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮೇಷ್ಟ್ರು ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಐವತ್ತು ವರ್ಷದ ಹಿಂದೆ ತಮ್ಮೂರಿನ ಮಾಲಕ ದನಿ ತಗ್ಗಿಸಿ ಹೇಳಿದ ಭಯಕ್ಕೆ ಅದರಲ್ಲಿ ರಸೀದಿ ಸಿಕ್ಕಿತು ಎಂಬುದು ಅವರ ಮಾತು. ಭೇದ ಮಾಡದವನೇ ಬೆಲೆ ತೆರುವ ಕಡೆ ಪೈಪೋಟಿ ಯಾರನ್ನು ತಿದ್ದಬೇಕು?

ತುಂಗಭದ್ರೆಯ ಆಚೆ ಕೊಪ್ಪಳ ಜಿಲ್ಲೆಯಲ್ಲಿ ಇದು ರಕ್ತಕ್ಕೂ ತಿರುಗಿದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲು ಮತ್ತು ಕ್ಷೌರದಂಗಡಿಗಳಲ್ಲಿ ದಲಿತರಿಗೆ ಪ್ರವೇಶವಿಲ್ಲ ಎಂಬ ಬೇಗುದಿ ಹೊಗೆಯಾಡುತ್ತಿತ್ತು. 2014ರ ಆಗಸ್ಟ್‌ನಲ್ಲಿ ಸಿನಿಮಾ ಮಂದಿರದ ಜಗಳವೊಂದರ ನೆಪದಲ್ಲಿ ದಲಿತರ ಮೇಲೆ ಹಲ್ಲೆಯಾಗಿ, ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಬಳಿಕ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ ಒಂದೇ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಗೆ ಒಳಗಾದವರು ಹೈಕೋರ್ಟಿನ ಮೊರೆ ಹೋದರು. ಅದೇ 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಹಾಳದಲ್ಲಿ ಕಟಿಂಗ್ ಮಾಡು ಎಂದು ಕೇಳಿದ ದಲಿತ ಯುವಕನ ಜತೆ ಜಗಳವಾಗಿ, ಅವನು ಕ್ಷೌರದ ಕತ್ತರಿಗೇ ಬಲಿಯಾದ. ವಯಸ್ಸು ಇಪ್ಪತ್ತಾರು.

ಮುದ್ದಾಬಳ್ಳಿಯ ಸುದ್ದಿ 2025ರ ಆರಂಭದ್ದು. ಕೊಪ್ಪಳದ ಹತ್ತಿರದ ಆ ಹಳ್ಳಿಯಲ್ಲಿ ಅಧಿಕಾರಿಗಳು, ಪೊಲೀಸರು ತಿಳಿವಳಿಕೆ ಹೇಳಿದ ಮೇಲೆ ಕ್ಷೌರಿಕರು ದಲಿತರಿಗೆ ಕಟಿಂಗ್ ಮಾಡುವ ಬದಲು ಅಂಗಡಿಗಳನ್ನೇ ಮುಚ್ಚಿದರು; ಉಳಿದವರಿಗೆ ಮನೆಗಳಲ್ಲೇ ಕ್ಷೌರ ನಡೆಯುತ್ತಿದೆ ಎಂಬ ದೂರು ಬಂತು. ಅಮೆರಿಕದ ಅಟ್ಲಾಂಟದಲ್ಲಿ ಲೆಸ್ಟರ್ ಮ್ಯಾಡಕ್ಸ್ ಎಂಬ ಹೋಟೆಲಿನವನೂ ಇದನ್ನೇ ಮಾಡಿದ್ದ. 1964ರ ಜುಲೈ 2ರಂದು ಅಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಹೋಟೆಲುಗಳು ಕಪ್ಪು ಜನರಿಗೆ ಬಾಗಿಲು ತೆರೆಯಬೇಕಾದಾಗ, ಅವರನ್ನು ಕೂರಿಸುವುದಕ್ಕಿಂತ ಮುಚ್ಚುವುದೇ ಮೇಲೆಂದು ತನ್ನ ಪಿಕ್‌ರಿಕ್ ಹೋಟೆಲನ್ನು ಬಿಟ್ಟುಕೊಟ್ಟ. ನಿರಾಕರಿಸುವ ಹಕ್ಕಿನ ಹೋರಾಟಗಾರನೆಂದು ಹೆಸರು ಮಾಡಿ ಮುಂದೆ ಜಾರ್ಜಿಯ ರಾಜ್ಯದ ಗವರ್ನರ್ ಕೂಡ ಆದ. ಮ್ಯಾಡಕ್ಸ್‌ಗೆ ಮುಚ್ಚಿದ ಅಂಗಡಿಯಿಂದ ಗದ್ದುಗೆ ಸಿಕ್ಕಿತು. ಮುದ್ದಾಬಳ್ಳಿಯ ಕ್ಷೌರಿಕನಿಗೆ ಅಂಥದ್ದೇನೂ ಸಿಗಲಿಲ್ಲ.

2021ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯಬೇಕೆಂಬ ಪ್ರಸ್ತಾವವೊಂದು ಬಂದಿತ್ತು. ಅದನ್ನು ಓದಿದ ದಿನ ಮೇಷ್ಟ್ರಿಗೆ ಬೇಸರವಾಯಿತು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಸರ್ಕಾರದ ಕುರ್ಚಿಯಲ್ಲಿ ಕೊನೆಗೆ ಕೇರಿಯವರಷ್ಟೇ ಕೂತರೆ ಅದು ಗೂಡಿನ ಲೋಟದ ಇನ್ನೊಂದು ರೂಪ. ಹಡಗಲಿ, ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಶಾಸಕರಾಗಿ ದಲಿತರು, ಪಂಗಡದವರು ಆರಿಸಿ ಬರುವ ತಾಲ್ಲೂಕುಗಳಲ್ಲಿ ದಲಿತ ಹುಡುಗ ತನ್ನೂರಿನ ಸಲೂನಿನಲ್ಲಿ ಕೂರಲು ಹಿಂಜರಿಯುವುದು ಮೇಷ್ಟ್ರಿಗೆ ಅರಗದ ವಿಷಯ.

ಅಂಗಡಿಯವನಿಗೆ ಇಲ್ಲವೆನ್ನುವ ಹಕ್ಕೇ ಬೇಡವೇ? ಮೇಷ್ಟ್ರ ತಮ್ಮನ ಮಗ ಹಗರಿಬೊಮ್ಮನಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು. ಹಳೆ ಬಾಕಿ ತೀರಿಸದವನಿಗೆ ಅವನು ಸಕ್ಕರೆ ಕೊಡುವುದಿಲ್ಲ, ಕುಡಿದು ಬಂದು ಬೈಯುವವನನ್ನು ಹೊರಗೆ ಕಳಿಸುತ್ತಾನೆ. ಅದು ಅವನ ಹಕ್ಕು. ಯಾವ ಕಾನೂನೂ ಅಡ್ಡ ಬರುವುದಿಲ್ಲ. ಬಾಕಿ ತೀರಿಸಿದವನು, ಅಮಲು ಇಳಿದವನು ಮರುದಿನ ಅದೇ ಅಂಗಡಿಗೆ ಬರಬಹುದು. ಹುಟ್ಟನ್ನು ಯಾರೂ ತೀರಿಸಿ ಬರಲಾಗದು. ನಡುವೆ ಕಾನೂನು ಸ್ಪಷ್ಟವಾಗಿ ಮುಟ್ಟದ ಪ್ರಸಂಗಗಳೂ ಇವೆ. 2024ರ ಜುಲೈನಲ್ಲಿ ಹಾವೇರಿ ಕಡೆಯ ವೃದ್ಧ ರೈತರೊಬ್ಬರು ಮಗನ ಜತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಹೋದಾಗ, ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ರಾಜ್ಯವೇ ಸಿಟ್ಟಿಗೆದ್ದಿತು, ಮಾಲ್ ಏಳು ದಿನ ಮುಚ್ಚಿತು, ಬಾಕಿ ತೆರಿಗೆಯ ವಿಷಯವೂ ಹೊರಬಂತು. ಆ ಸಿಟ್ಟು ನ್ಯಾಯವಾದದ್ದೇ. ಪಂಚೆಗಾಗಿ ಎದ್ದ ದನಿ ಕ್ಷೌರದ ಕುರ್ಚಿಗಾಗಿಯೂ ಅಷ್ಟೇ ಜೋರಾಗಿ ಏಳಲಿ ಎಂದು ಮೇಷ್ಟ್ರು ಬಯಸುತ್ತಾರೆ.

ಹೋದ ವರ್ಷ ಅವರ ಊರಿನ ಸಲೂನಿನ ವಿಷಯ ಮತ್ತೆ ಎದ್ದಿತು. ಕೇರಿಯ ಕಾಲೇಜು ಹುಡುಗರು ಕೊಟ್ಟೂರಿಗೆ ಹೋಗುವುದಿಲ್ಲವೆಂದು ಪಟ್ಟು ಹಿಡಿದರು. ದೂರು ಕೊಡುವ ಮೊದಲು ಮೇಷ್ಟ್ರು ತಾವೇ ಹೋಗಿ ಮಾತಾಡಿದರು. ಕ್ಷೌರಿಕ ಅವರದೇ ಹಳೆಯ ವಿದ್ಯಾರ್ಥಿ. "ಸಾರ್, ಮಂಗಳವಾರ ಕಳಸ್ರಿ. ಅವತ್ತು ಅಂಗಡಿ ರಜ ಇರ್ತೈತಿ. ಹಿಂದ್ಲ ಬಾಗಿಲಿಂದ ಬಂದ್ರ ಎಲ್ಲಾರಿಗೂ ಮಾಡಿ ಕಳಸ್ತೀನಿ, ರೊಕ್ಕನೂ ಬ್ಯಾಡ" ಎಂದ. ಮೇಷ್ಟ್ರು ಕಾಯ್ದೆಯ 6ನೇ ಕಲಮನ್ನು ಅವನಿಗೆ ಪಾಠದಂತೆ ಬಿಡಿಸಿ ಹೇಳಿದರು. "ಅದೇ ಹೊತ್ತು, ಅದೇ ಜಾಗ, ಅದೇ ದರ. ಐತವಾರ ಬರ್ತಾರ, ಮುಂದ್ಲ ಬಾಗಿಲಿಂದ ಬರ್ತಾರ, ರೊಕ್ಕ ಕೊಡ್ತಾರ."

"ನಂಗೇನಾದ್ರ ಯಾರು ಬರ್ತಾರ ಸಾರ್?" ಎಂದು ಅವನು ಕೇಳಿದ.

ಆಗ ಅವರು ಅದೇ ಕಾಯ್ದೆಯ 7ನೇ ಕಲಮಿನ ಎರಡನೆಯ ಭಾಗವನ್ನು ತೆಗೆದರು. ಅಸ್ಪೃಶ್ಯತೆ ಆಚರಿಸಲು ಒಪ್ಪದವನಿಗೆ ಅವನ ಸಮುದಾಯದವರು ಹಕ್ಕು ಕಸಿದರೆ, ಅವನನ್ನು ಕುಲದಿಂದ ಹೊರಗೆ ಹಾಕಿದರೆ, ಹಾಗೆ ಮಾಡಿದವರಿಗೂ ಶಿಕ್ಷೆಯಿದೆ. ದಂಡ ಹಾಕುವವರಿಂದ ಕ್ಷೌರಿಕನನ್ನು ಕಾಯುವ ಮಾತು ಅದೇ ಕಾಯ್ದೆಯಲ್ಲಿದೆ. ಪೊಲೀಸರೂ ಅಧಿಕಾರಿಗಳೂ ಹಳ್ಳಿಗೆ ಬಂದಾಗ ಅಂಗಡಿಯವನನ್ನು ಹೆದರಿಸುವುದರ ಜತೆಗೆ ಈ ಕಲಮನ್ನು ಊರ ಕಟ್ಟೆಯಲ್ಲಿ ಗಟ್ಟಿಯಾಗಿ ಓದಬೇಕು ಎಂಬುದು ಮೇಷ್ಟ್ರ ಒತ್ತಾಯ. ಈ ಕುರಿತು ತಾಲ್ಲೂಕು ಕಚೇರಿಗೆ ಅರ್ಜಿಯನ್ನೂ ಕೊಟ್ಟಿದ್ದಾರೆ.

ಆ ಭಾನುವಾರ ಮೂವರು ಹುಡುಗರು ಹೋದರು. ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಇಬ್ಬರು ಎದ್ದು ಹೋದರು, ಒಬ್ಬ ಮುದುಕರು ಪೇಪರ್ ಓದುತ್ತ ಕೂತೇ ಇದ್ದರು. ಮೂವರಿಗೂ ಕಟಿಂಗ್ ಆಯಿತು, ಮುದುಕರಿಗೆ ಗಡ್ಡವೂ ಆಯಿತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಕ್ಷೌರಿಕ ಮೇಷ್ಟ್ರ ಮನೆಗೆ ಬಂದು, "ಸಾರ್, ಆ ಎರಡನೇದು ಹೇಳಿದ್ರಲ್ಲ, ಅದರ ನಂಬರ್ ಒಂದು ಚೀಟ್ಯಾಗ ಬರದು ಕೊಡ್ರಿ" ಎಂದು ಕೇಳಿ ಬರೆಸಿಕೊಂಡು ಹೋದ.